ಪದವಿಯ ನಂತರ ವೈದ್ಯಕೀಯ: ಇಂಗ್ಲೆಂಡಿನ ನಾಲ್ಕು ವರ್ಷದ ಕೋರ್ಸಿಗೆ ಸೇರುವುದೋ, ಐದು ವರ್ಷದ್ದಕ್ಕೋ?

ಶರಾವತಿ_ಲೀಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬಿ.ಫಾರ್ಮ ಮುಗಿಸಿ, ಇಲ್ಲಿ ಎಂ.ಎಸ್ಸಿ. ಮಾಡಿ, ಈಗ ಔಷಧಗಳ ಕ್ಲಿನಿಕಲ್ ಟ್ರಯಲ್ ನಡೆಸುವ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದೇನೆ. ವಯಸ್ಸು 29. ಮೂರು ವರ್ಷದ ಮಗನಿದ್ದಾನೆ. ನಾವು ಇಲ್ಲಿಗೆ ಬಂದು ಆರು ವರ್ಷ ದಾಟಿದ್ದು, ಕಾಯಂ ವಾಸದ ಅನುಮತಿಯೂ ಸಿಕ್ಕಿದೆ. ಪಿಯುಸಿ ಆದಾಗ ಮೆಡಿಕಲ್ ಸೀಟು ಕೈತಪ್ಪಿತ್ತು. ಆ ಆಸೆ ಈಗ ಮತ್ತೆ ತಲೆಯೆತ್ತಿದೆ. ಇಲ್ಲಿ ಪದವೀಧರರಿಗೆಂದೇ ನಾಲ್ಕು ವರ್ಷದ ವೈದ್ಯಕೀಯ ಕೋರ್ಸ್ ಇದೆಯಲ್ಲ, ಅದಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ.

ನನ್ನ ಯಜಮಾನರ ಅಭಿಪ್ರಾಯ ಬೇರೆ. ನಾಲ್ಕು ವರ್ಷದ ಸೀಟುಗಳಿಗೆ ಪೈಪೋಟಿ ವಿಪರೀತ, ಓದಿನ ಒತ್ತಡವೂ ಹೆಚ್ಚು, ಆದ್ದರಿಂದ ಮಾಮೂಲಿ ಐದು ವರ್ಷದ ಕೋರ್ಸನ್ನೇ ನಿಧಾನವಾಗಿ ಓದು ಎನ್ನುತ್ತಾರೆ. ಬಿ.ಫಾರ್ಮಗೆ ಅಪ್ಪನೇ ದುಡ್ಡು ಕಟ್ಟಿದ್ದರಿಂದ, ಪದವಿ ಓದಿಗೆಂದು ಇಲ್ಲಿನ ಸರ್ಕಾರದಿಂದ ನಾನು ಒಂದು ಪೆನ್ನಿಯನ್ನೂ ಸಾಲ ಪಡೆದಿಲ್ಲ, ಹಾಗಾಗಿ ಸಾಲ ಸಿಕ್ಕೇ ಸಿಗುತ್ತದೆ ಎಂಬುದು ಅವರ ಲೆಕ್ಕ. ಮುಂದೊಂದು ದಿನ ಶಿವಮೊಗ್ಗಕ್ಕೆ ಮರಳುವ ಯೋಚನೆಯೂ ನಮಗಿದೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಲೆಕ್ಕದ_ಮೇಷ್ಟ್ರು

ನಿಮ್ಮ ಯಜಮಾನರ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ಇಂಗ್ಲೆಂಡಿನ ನಿಯಮದ ಪ್ರಕಾರ ಮೊದಲ ಪದವಿಯ ಖರ್ಚನ್ನು ಯಾರು ಭರಿಸಿದರು ಎಂಬುದು ಮುಖ್ಯವಲ್ಲ. ಆನರ್ಸ್ ಮಟ್ಟದ ಪದವಿಯೊಂದು ನಿಮ್ಮ ಕೈಯಲ್ಲಿದೆಯೇ ಎಂಬುದಷ್ಟೇ ಮುಖ್ಯ. ಅದು ಬೆಂಗಳೂರಿನದಾಗಿರಲಿ ಬ್ರಿಸ್ಟಲ್‌ನದಾಗಿರಲಿ, ಎರಡನೆಯ ಪದವಿಗೆ ಸೇರಿದಾಗ ಬೋಧನಾ ಶುಲ್ಕದ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ಐದು ವರ್ಷದ ಕೋರ್ಸಿಗೆ ಸೇರಿದರೆ ಮೊದಲ ನಾಲ್ಕು ವರ್ಷದ ಶುಲ್ಕವನ್ನು ನೀವೇ ಕಟ್ಟಬೇಕು. ಐದನೆಯ ವರ್ಷದ ಶುಲ್ಕವನ್ನು ಮಾತ್ರ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಬರ್ಸರಿ, ಅಂದರೆ ವಿದ್ಯಾರ್ಥಿವೇತನ, ಕಟ್ಟುತ್ತದೆ. 2025-26ರ ದರ ವರ್ಷಕ್ಕೆ 9,535 ಪೌಂಡ್. ನಾಲ್ಕು ವರ್ಷಕ್ಕೆ ಅದೇ ದರ ಹಿಡಿದರೂ 38,140 ಪೌಂಡ್ ಕೈಯಿಂದ ಹೋಗುತ್ತದೆ. ಜೀವನ ನಿರ್ವಹಣೆಯ ಸಾಲ ಸಿಗುತ್ತದೆ, ನಿಜ. ಆದರೆ ಅದು ಮನೆ ಬಾಡಿಗೆಗೇ ಸಾಲುವುದಿಲ್ಲ.

ನಾಲ್ಕು ವರ್ಷದ ಪದವೀಧರ ಕೋರ್ಸಿಗೆ ಈ ನಿಯಮದಿಂದ ವಿನಾಯಿತಿ ಉಂಟು. ಅಲ್ಲಿ ಮೊದಲ ವರ್ಷ 3,465 ಪೌಂಡ್ ಮಾತ್ರ ನೀವು ಕೈಯಿಂದ ಕಟ್ಟುತ್ತೀರಿ, ಉಳಿದದ್ದು ಸಾಲ. ಎರಡನೆಯ ವರ್ಷದಿಂದ 3,715 ಪೌಂಡನ್ನು ಎನ್‌ಎಚ್‌ಎಸ್ ಭರಿಸುತ್ತದೆ, ಮಿಕ್ಕದ್ದಕ್ಕೆ ಮತ್ತೆ ಸಾಲ. ಎರಡು ಕೋರ್ಸುಗಳ ನಡುವಿನ ವ್ಯತ್ಯಾಸ ಒಂದು ವರ್ಷದ ಕಾಲ ಮಾತ್ರವೆಂದು ತಿಳಿದವರು ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಬರೆದು ನೋಡಬೇಕು.

ಧಾರವಾಡ_ಪೇಡೆ

ಅಂದರೆ ನಿಧಾನವಾಗಿ ಓದುವುದಕ್ಕೇ ಹೆಚ್ಚು ದುಡ್ಡು! ಭಲೇ.

ಹಳೇ_ಮೈಸೂರಿಗ

ದುಡ್ಡಿನ ಮಾತು ಹಾಗಿರಲಿ. ಐದೂವರೆ ವರ್ಷ ಓದಿದ ನಮ್ಮ ಎಂಬಿಬಿಎಸ್ ಹುಡುಗರೇ ಇಂಟರ್ನ್‌ಶಿಪ್‌ನಲ್ಲಿ ರಕ್ತನಾಳಕ್ಕೆ ಸೂಜಿ ಹಾಕಲು ತಡವರಿಸುತ್ತಾರೆ. ನಾಲ್ಕೇ ವರ್ಷದಲ್ಲಿ ಒಬ್ಬರನ್ನು ವೈದ್ಯರನ್ನಾಗಿ ಮಾಡುತ್ತೇವೆಂದರೆ ಅದು ಅರ್ಧ ಬೆಂದ ಅನ್ನವಲ್ಲದೆ ಮತ್ತೇನು? ನನ್ನನ್ನು ಪರೀಕ್ಷಿಸುವ ವೈದ್ಯರು ಪೂರ್ತಿ ಓದಿದವರೇ ಆಗಿರಲಿ ಎಂದು ಬಯಸುವುದು ಅಪರಾಧವಲ್ಲ.

ಕೊವೆಂಟ್ರಿಯ_ಕನ್ನಡಿಗ

ಮೈಸೂರಿನವರೇ, ತಾವು ಒಂದು ವರ್ಷವನ್ನು ಹೆಚ್ಚಾಗಿ ಎಣಿಸುತ್ತಿದ್ದೀರಿ. ಭಾರತದ ಐದೂವರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಓದು ನಾಲ್ಕೂವರೆ ವರ್ಷ. ಇಲ್ಲಿ ನಾಲ್ಕು ವರ್ಷದ ಓದಿನ ಮೇಲೆ ಕೆಲಸ ಮಾಡುತ್ತಲೇ ಕಲಿಯುವ ಎರಡು ವರ್ಷದ ಫೌಂಡೇಶನ್ ತರಬೇತಿ ಬೇರೆಯೇ ಇದೆ, ಮತ್ತು ಅದರ ಮೊದಲ ವರ್ಷ ಮುಗಿಯುವವರೆಗೆ ಜನರಲ್ ಮೆಡಿಕಲ್ ಕೌನ್ಸಿಲ್ ಪೂರ್ಣ ನೋಂದಣಿಯನ್ನೇ ಕೊಡುವುದಿಲ್ಲ. ಐರೋಪ್ಯ ಒಕ್ಕೂಟದ 2005ರ ನಿರ್ದೇಶನದಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಆರು ವರ್ಷ ಅಥವಾ 5,500 ಗಂಟೆ ಎಂದಿತ್ತು. ಇಲ್ಲಿನ ಕಿರು ಅವಧಿಯ ಕೋರ್ಸುಗಳಿಗೆ ಎಡೆ ಮಾಡಿಕೊಟ್ಟದ್ದು ಆ ‘ಅಥವಾ’. ಗಂಟೆಗಳನ್ನು ಕಡಿತಗೊಳಿಸಿಲ್ಲ, ಬೇಸಿಗೆ ರಜೆಯನ್ನು ಕಡಿತಗೊಳಿಸಿ, ಆಸ್ಪತ್ರೆಗೆ ಹೋಗುವ ಮುಂಚಿನ ಎರಡು ವರ್ಷದ ಪಾಠವನ್ನು ಒಂದು ವರ್ಷದ ಸುಮಾರಿಗೆ ಒತ್ತಿ ತುಂಬಿದ್ದಾರೆ. ಕೊನೆಗೆ ಎಲ್ಲರೂ ಬರೆಯುವುದು ಒಂದೇ ಪರೀಕ್ಷೆ: 2024-25ರಿಂದ ಪದವಿ ಪಡೆಯುವವರಿಗೆಲ್ಲ ಕೌನ್ಸಿಲ್‌ನ ಲೈಸೆನ್ಸಿಂಗ್ ಪರೀಕ್ಷೆ ಕಡ್ಡಾಯವಾಗಿದ್ದು, ಅದರಲ್ಲಿ ನಾಲ್ಕು ವರ್ಷದವರಿಗೆ ಬೇರೆ ಪ್ರಶ್ನೆಪತ್ರಿಕೆಯಿಲ್ಲ.

ನಾನು ಓದಿದ್ದು ವಾರ್ವಿಕ್‌ನಲ್ಲಿ. ಅಲ್ಲಿ ಪದವೀಧರರನ್ನು ಬಿಟ್ಟು ಬೇರೆಯವರಿಗೆ ಪ್ರವೇಶವೇ ಇಲ್ಲ. 2000ದಲ್ಲಿ ಲೀಸ್ಟರ್ ಜೊತೆಗೂಡಿ ಆರಂಭವಾಗಿ 2007ರಲ್ಲಿ ಸ್ವತಂತ್ರವಾದ ಶಾಲೆ ಅದು. ನನ್ನ ಗುಂಪಿನಲ್ಲಿ ಸಂಗೀತ ಓದಿದವರೊಬ್ಬರು, ಸೇನೆಯಲ್ಲಿದ್ದವರೊಬ್ಬರು, ವಕೀಲಿ ಬಿಟ್ಟು ಬಂದವರೊಬ್ಬರು ಇದ್ದರು. ಮೊದಲ ತಿಂಗಳಲ್ಲೇ ಹೃದಯದ ನಾಲ್ಕು ಕವಾಟಗಳಿಂದ ಹಿಡಿದು ಕಾಲಿನ ರಕ್ತನಾಳದವರೆಗೆ ಓಡಿದೆವು. ಅಂಗರಚನೆಯ ಕೋಣೆಯಲ್ಲಿ ಫಾರ್ಮಲಿನ್ ವಾಸನೆ ಇರಲಿಲ್ಲ; ಪ್ಲಾಸ್ಟಿನೇಶನ್ ಮಾಡಿದ, ಅಂದರೆ ಕೆಡದಂತೆ ಪ್ಲಾಸ್ಟಿಕ್ ತುಂಬಿದ ತೋಳೊಂದನ್ನು ಬರಿಗೈಯಲ್ಲಿ ಎತ್ತಿಕೊಂಡು, ಮೊಣಕೈ ಬಳಿ ಅಲ್ನಾರ್ ನರ ಎಲುಬಿನ ಹಿಂದೆ ನುಸುಳುವ ಜಾಗವನ್ನು ಬೆರಳಿನಿಂದಲೇ ಹಿಂಬಾಲಿಸಬಹುದಿತ್ತು. ಒಣಗಿದ ಬಳ್ಳಿಯಂತೆ ಗಟ್ಟಿಯಾಗಿದ್ದ ಆ ನರವನ್ನು ಮುಟ್ಟಿದ ಮೇಲೆ, ಮೊಣಕೈ ಗೋಡೆಗೆ ಬಡಿದಾಗ ಕಿರುಬೆರಳು ಜುಮ್ಮೆನ್ನುವುದೇಕೆ ಎಂಬುದನ್ನು ಪುಸ್ತಕ ತೆರೆದು ಓದಬೇಕಾಗಿ ಬರಲಿಲ್ಲ.

ಹಳೇ_ಮೈಸೂರಿಗ

ಸಂಗೀತ ಓದಿದವರು ವೈದ್ಯರಾಗುವುದೇ? ವಿಜ್ಞಾನದ ತಳಹದಿಯೇ ಇಲ್ಲದವರಿಗೆ ಜೀವರಸಾಯನ ಅರ್ಥವಾಗಲು ಎಷ್ಟು ಕಾಲ ಬೇಕು?

ವಾರ್ಡ್_ನಂಬರ್_ಏಳು

ಒಂದು ಚಳಿಗಾಲ ಸಾಕು. ನಾನು ಇಂಗ್ಲಿಷ್ ಸಾಹಿತ್ಯದ ಪದವೀಧರೆ. ಕ್ರೆಬ್ಸ್ ಚಕ್ರ ಕಲಿಯಲು ಅತ್ತದ್ದುಂಟು, ಆದರೆ ಕಲಿತೆ. ರೋಗಿಯ ಮಾತನ್ನು ಮಧ್ಯದಲ್ಲಿ ತುಂಡರಿಸದೆ ಕೇಳಿಸಿಕೊಳ್ಳುವುದನ್ನು ಕಲಿಯಲು ಅತ್ತ ವಿಜ್ಞಾನ ಪದವೀಧರರನ್ನೂ ಕಂಡಿದ್ದೇನೆ. ಮೂಲ ಪ್ರಶ್ನೆ ಕೇಳಿದವರು ಬಿ.ಫಾರ್ಮ ಓದಿದ್ದಾರೆ, ಔಷಧಶಾಸ್ತ್ರದ ಅರ್ಧ ಭಾಗ ಅವರಿಗೆ ಈಗಾಗಲೇ ಬಾಯಿಪಾಠವಿರುತ್ತದೆ. ಎಚ್ಚರಿಕೆ ಒಂದೇ: ಗೊತ್ತಿರುವ ವಿಷಯದ ಉಪನ್ಯಾಸವನ್ನು ತಪ್ಪಿಸಿ ಮಲಗುವ ಅಭ್ಯಾಸ ಬಿದ್ದರೆ, ಮುಂದಿನ ವಾರ ಗೊತ್ತಿಲ್ಲದ ವಿಷಯ ಯಾವಾಗ ಬಂದು ಹೋಯಿತೆಂಬುದೇ ತಿಳಿಯುವುದಿಲ್ಲ.

ಶರಾವತಿ_ಲೀಸ್ಟರ್

ಶುಲ್ಕದ ಪಟ್ಟಿಯನ್ನು ಯಜಮಾನರಿಗೆ ತೋರಿಸಿದೆ. ಒಂದು ನಿಮಿಷ ಸುಮ್ಮನಿದ್ದು, ‘ಹಾಗಾದರೆ ನಾಲ್ಕು ವರ್ಷದ್ದಕ್ಕೇ ಓದು’ ಎಂದರು. ಆ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಪ್ರವೇಶ ಪರೀಕ್ಷೆಯ ಬಗ್ಗೆ ಗೊಂದಲವಿದೆ. ಗ್ಯಾಮ್‌ಸ್ಯಾಟ್ ಬರೆಯಬೇಕೋ, ಯುಕ್ಯಾಟ್ ಬರೆಯಬೇಕೋ? ಎರಡನ್ನೂ ಬರೆದವರಿದ್ದಾರೆಯೇ?

ತುಮಕೂರು_ಟು_ಟೂಟಿಂಗ್

ಎರಡನ್ನೂ ಬರೆದಿದ್ದೇನೆ. ಎರಡೂ ಬೇರೆ ಬೇರೆ ಬಗೆಯ ಹಿಂಸೆ. ಯುಕ್ಯಾಟ್ ಎರಡು ಗಂಟೆಯಷ್ಟರಲ್ಲಿ ಮುಗಿಯುತ್ತದೆ, ಆದರೆ ಪ್ರತಿ ಪ್ರಶ್ನೆಗೂ ಸೆಕೆಂಡುಗಳ ಲೆಕ್ಕ. 2025ರಿಂದ ಆಕೃತಿಗಳ ವಿಭಾಗವನ್ನು ತೆಗೆದುಹಾಕಿದ್ದು, ಈಗ ಭಾಷೆ, ನಿರ್ಧಾರ, ಅಂಕಿಗಣಿತ ಮತ್ತು ಸಂದರ್ಭ ವಿವೇಚನೆಯ ಭಾಗಗಳು ಉಳಿದಿವೆ. ಪಠ್ಯಕ್ರಮವೆಂಬುದಿಲ್ಲ, ಅಭ್ಯಾಸವೇ ಎಲ್ಲ.

ಗ್ಯಾಮ್‌ಸ್ಯಾಟ್ ಆಸ್ಟ್ರೇಲಿಯಾದವರು ರೂಪಿಸಿದ ದೀರ್ಘ ಪರೀಕ್ಷೆ. ಮೊದಲ ಭಾಗದಲ್ಲಿ ಕವಿತೆ, ವ್ಯಂಗ್ಯಚಿತ್ರ, ಗದ್ಯಭಾಗಗಳನ್ನು ಓದಿ ಅರ್ಥೈಸಬೇಕು. ಎರಡನೆಯದರಲ್ಲಿ ಎರಡು ಪ್ರಬಂಧಗಳನ್ನು ಬರೆಯಬೇಕು. ಮೂರನೆಯದು ವಿಜ್ಞಾನ, ಅದರಲ್ಲಿ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ತಲಾ ಶೇ. 40, ಭೌತಶಾಸ್ತ್ರ ಶೇ. 20. ನಮ್ಮ ಕಡೆ ಓದಿದವರು ಮೂರನೆಯ ಭಾಗಕ್ಕೆ ಹೆದರುವುದಿಲ್ಲ, ಮೊದಲನೆಯದರಲ್ಲಿ ಮುಗ್ಗರಿಸುತ್ತಾರೆ. ಪಿಯುಸಿಯ ಕೋಚಿಂಗ್ ತರಗತಿಗಳಲ್ಲಿ ಸರಿಯುತ್ತರಕ್ಕೆ ಗುರುತು ಹಾಕಲು ಕಲಿತೆವೇ ಹೊರತು, ಎರಡು ಉತ್ತರಗಳೂ ಸರಿಯೆನಿಸುವಾಗ ಹೆಚ್ಚು ಸರಿಯಾದದ್ದನ್ನು ಹುಡುಕಲು ಯಾರೂ ಕಲಿಸಲಿಲ್ಲ. ನಾನು ಅರ್ಜಿ ಹಾಕಿದ ವರ್ಷ ವಾರ್ವಿಕ್‌ಗೆ ಯುಕ್ಯಾಟ್, ಸ್ವಾನ್ಸಿಗೆ ಗ್ಯಾಮ್‌ಸ್ಯಾಟ್ ಬೇಕಿತ್ತು. ಆಯಾ ವರ್ಷದ ಪ್ರಕಟಣೆಯನ್ನೇ ನಂಬಿ, ನನ್ನಂಥ ಹಳಬರನ್ನಲ್ಲ. ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯುಕಾಸ್ ವ್ಯವಸ್ಥೆಯಲ್ಲಿ ವೈದ್ಯಕೀಯಕ್ಕೆ ನಾಲ್ಕೇ ಆಯ್ಕೆ, ಕೊನೆಯ ದಿನ ಅಕ್ಟೋಬರ್ 15. ಯುಕ್ಯಾಟ್ ಅಂಕ ಪರೀಕ್ಷೆ ಮುಗಿದ ಕೂಡಲೇ ಕೈಗೆ ಬರುವುದರಿಂದ, ಅದನ್ನು ನೋಡಿಕೊಂಡೇ ಆಯ್ಕೆ ತುಂಬುವುದು ಜಾಣತನ.

ಮೆಲ್ಬರ್ನ್_ಮಲ್ಲಿಗೆ

ಆಸ್ಟ್ರೇಲಿಯಾದ ಹೆಸರು ಬಂದದ್ದರಿಂದ ಒಂದು ಮಾತು. ಇಲ್ಲಿ ಪದವಿಯ ಮೇಲಿನ ನಾಲ್ಕು ವರ್ಷದ ವೈದ್ಯಕೀಯವನ್ನು ಯಾರೂ ಅವಸರದ ಕೋರ್ಸೆಂದು ಕರೆಯುವುದಿಲ್ಲ. 1996ರಲ್ಲಿ ಫ್ಲಿಂಡರ್ಸ್, ಮರುವರ್ಷ ಸಿಡ್ನಿ ಮತ್ತು ಕ್ವೀನ್ಸ್‌ಲ್ಯಾಂಡ್ ಈ ಪದ್ಧತಿಗೆ ಬಂದವು. ಮೆಲ್ಬರ್ನ್ ವಿಶ್ವವಿದ್ಯಾಲಯ 2011ರಲ್ಲಿ ಇದನ್ನೇ ಎಂ.ಡಿ. ಎಂದು ಕರೆಯಿತು. ಅಮೆರಿಕದಲ್ಲಂತೂ ಬಹುತೇಕ ಎಲ್ಲರೂ ಪದವಿ ಮುಗಿಸಿಯೇ ವೈದ್ಯಕೀಯಕ್ಕೆ ಸೇರುತ್ತಾರೆ, ನಾಲ್ಕೇ ವರ್ಷ ಓದುತ್ತಾರೆ. ಮೈಸೂರಿನವರು ಅಮೆರಿಕದ ವೈದ್ಯರನ್ನೂ ಅರ್ಧ ಬೆಂದವರೆನ್ನುತ್ತಾರೆಯೇ?

ನಮ್ಮಲ್ಲೂ ದುಡ್ಡಿನ ತೊಡಕುಂಟು. ಕಾಯಂ ನಿವಾಸಿಗಳಿಗೆ ಸರ್ಕಾರದ ಸಹಾಯಧನದ ಸೀಟು ಸಿಕ್ಕಬಹುದು, ಆದರೆ ಶುಲ್ಕವನ್ನು ಸಾಲವಾಗಿ ಮುಂದೂಡುವ ಸೌಲಭ್ಯ ಸಾಮಾನ್ಯವಾಗಿ ನಾಗರಿಕರಿಗೆ ಮಾತ್ರ. ಈ ಒಂದು ಕಾರಣಕ್ಕಾಗಿಯೇ ಪೌರತ್ವ ಬದಲಿಸಿದವರು ನನ್ನ ಪರಿಚಯದಲ್ಲಿದ್ದಾರೆ.

ನಿವೃತ್ತ_ಡಾಕ್ಟರು

ವಯಸ್ಸಾದವನ ಹರಟೆಯೆಂದು ಸಹಿಸಿಕೊಳ್ಳಿ. ಇದು ನಮ್ಮ ನಾಡಿಗೆ ಹೊಸದಲ್ಲ. 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಶಾಲೆ ಕಲಿಸುತ್ತಿದ್ದದ್ದು ಎಲ್‌ಎಂಪಿ ಎಂಬ, ಪದವಿಗಿಂತ ಕೆಳಗಿನ ವೈದ್ಯಕೀಯ ಕೋರ್ಸ್. ಅದು 1924ರಲ್ಲಿ ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. 1946ರ ಭೋರ್ ಸಮಿತಿ ಎರಡು ದರ್ಜೆಯ ವೈದ್ಯರು ಬೇಡ, ಒಂದೇ ಬಗೆಯ ಮೂಲ ವೈದ್ಯರು ಸಾಕು ಎಂದ ಮೇಲೆ, ಆಗಲೇ ಊರೂರಿನಲ್ಲಿ ಪ್ರಾಕ್ಟೀಸು ಮಾಡುತ್ತಿದ್ದ ಎಲ್‌ಎಂಪಿಗಳಲ್ಲಿ ಹಲವರು ಕಾಂಡೆನ್ಸ್ಡ್ ಎಂಬಿಬಿಎಸ್ ಎಂಬ ಕಿರು ಅವಧಿಯ ಕೋರ್ಸ್ ಓದಿ ಪದವಿ ಪಡೆದರು. ನನ್ನ ಸೋದರಮಾವ ಅವರಲ್ಲೊಬ್ಬರು. ಹೆರಿಗೆ ಮಾಡಿಸಿ ಪಳಗಿದ ಕೈ, ತಲೆಯಲ್ಲಿ ಅರೆ ನರೆ, ಮಗನ ವಯಸ್ಸಿನ ಹುಡುಗರ ಪಕ್ಕ ಬೆಂಚಿನಲ್ಲಿ ಕೂತು ಪ್ಯಾಥಾಲಜಿ ನೋಟ್ಸ್ ಬರೆದುಕೊಳ್ಳುತ್ತಿದ್ದರಂತೆ. ಅವರ ರೋಗಿಗಳು ಯಾರೂ ಗೋಡೆಯ ಮೇಲಿನ ಸರ್ಟಿಫಿಕೇಟಿನಲ್ಲಿ ವರ್ಷ ಎಣಿಸಲಿಲ್ಲ.

ಹಳೇ_ಮೈಸೂರಿಗ

ಡಾಕ್ಟರೇ, ತಮ್ಮ ಸೋದರಮಾವ ಮೊದಲೇ ವೈದ್ಯರಾಗಿದ್ದರು; ಆ ಮಾತು ಬೇರೆ. ಈ ತರ್ಕವನ್ನೇ ಎಳೆದು 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆಯಲ್ಲಿ ಆಯುಷ್ ವೈದ್ಯರಿಗೆ ಬ್ರಿಡ್ಜ್ ಕೋರ್ಸ್ ಸೇರಿಸಲು ಹೊರಟಿದ್ದರು. ದೇಶದಾದ್ಯಂತ ವಿರೋಧ ಬಂದು ಮರುವರ್ಷ ಕೈಬಿಟ್ಟರು. ಅಡ್ಡದಾರಿಗಳಿಗೆ ಒಮ್ಮೆ ಬಾಗಿಲು ತೆರೆದರೆ ಮುಚ್ಚುವವರು ಯಾರು?

ವಾರ್ಡ್_ನಂಬರ್_ಏಳು

ಬ್ರಿಡ್ಜ್ ಕೋರ್ಸಿನ ಉದ್ದೇಶ ಕೆಲವು ಅಲೋಪತಿ ಔಷಧಗಳನ್ನು ಬರೆಯುವ ಅನುಮತಿ ಕೊಡುವುದಾಗಿತ್ತು. ಇದು ಪೂರ್ಣ ವೈದ್ಯಕೀಯ ಪದವಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಜಯನಗರ_ನಾಲ್ಕನೇ_ಬ್ಲಾಕ್

ಇಷ್ಟೆಲ್ಲ ಕಷ್ಟಪಡುವ ಬದಲು ವೈದ್ಯರ ಕೈಕೆಳಗೆ ಕೆಲಸ ಮಾಡುವ ಫಿಸಿಶಿಯನ್ ಅಸೋಸಿಯೇಟ್‌ಗಳ ಎರಡೇ ವರ್ಷದ ಕೋರ್ಸ್ ಮಾಡಬಹುದಲ್ಲ? ವಿಜ್ಞಾನದ ಪದವಿ ಇದ್ದರೆ ಸಾಕು, ಆಸ್ಪತ್ರೆಯಲ್ಲೇ ಕೆಲಸ.

ಕೊವೆಂಟ್ರಿಯ_ಕನ್ನಡಿಗ

ದಯವಿಟ್ಟು ಈಗಿನ ಪರಿಸ್ಥಿತಿಯನ್ನು ತಿಳಿದು ಸಲಹೆ ಕೊಡಿ. 2024ರ ಡಿಸೆಂಬರ್‌ನಿಂದ ಆ ವೃತ್ತಿಯವರು ಜನರಲ್ ಮೆಡಿಕಲ್ ಕೌನ್ಸಿಲ್‌ನ ನಿಯಂತ್ರಣಕ್ಕೆ ಬಂದಿದ್ದಾರೆ, ಸರಿ. ಆದರೆ 2025ರ ಜುಲೈನಲ್ಲಿ ಬಂದ ಲೆಂಗ್ ವರದಿ ಅವರ ಹೆಸರನ್ನು ‘ಅಸಿಸ್ಟೆಂಟ್’ ಎಂದು ಬದಲಿಸಬೇಕು, ರೋಗನಿರ್ಣಯವಾಗದ ರೋಗಿಗಳನ್ನು ಮೊದಲಿಗೆ ಅವರು ನೋಡಬಾರದು ಎಂದು ಶಿಫಾರಸು ಮಾಡಿತು. ಆ ಕೆಲಸಕ್ಕೆ ಅದರದೇ ಘನತೆಯಿದೆ, ಆದರೆ ವೈದ್ಯರಾಗುವ ಆಸೆಯಿರುವವರಿಗೆ ಅದು ಬದಲಿ ದಾರಿಯಲ್ಲ.

ಕರಾವಳಿ_ಕೌನ್ಸೆಲರ್

ಇಷ್ಟು ಹೊತ್ತು ಯಾರೂ ಮುಟ್ಟದ ಮಾತೊಂದಿದೆ, ಮತ್ತು ಶಿವಮೊಗ್ಗದ ಕನಸಿರುವವರಿಗೆ ಅದೇ ಎಲ್ಲಕ್ಕಿಂತ ಮುಖ್ಯ. 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮದ ಪ್ರಕಾರ, ವಿದೇಶದಲ್ಲಿ ಓದಿ ಭಾರತದಲ್ಲಿ ನೋಂದಣಿ ಬಯಸುವವರ ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು, ಅದರ ಮೇಲೆ ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ನಾಲ್ಕು ವರ್ಷವೆಂದರೆ 48 ತಿಂಗಳು. ಆರು ತಿಂಗಳ ಕೊರತೆ ಕಾಗದದ ಮೇಲೆ ಎದ್ದು ಕಾಣುತ್ತದೆ. ಜೊತೆಗೆ, ವಿದೇಶದಲ್ಲಿ ವೈದ್ಯಕೀಯ ಓದುವ ಭಾರತೀಯ ನಾಗರಿಕರೂ ಓಸಿಐ ಕಾರ್ಡಿನವರೂ ಮೊದಲೇ ನೀಟ್ ಅರ್ಹತೆ ಪಡೆದಿರಬೇಕೆಂಬ ನಿಯಮ 2018ರಿಂದ ಇದೆ. ನೀವು ಪಿಯುಸಿ ಮುಗಿಸಿದ ಕಾಲದ ಅಂಕ ಇದಕ್ಕೆ ಒದಗುವುದಿಲ್ಲ, ಏಕೆಂದರೆ ನೀಟ್ ಅಂಕದ ಮಾನ್ಯತೆ ಮೂರೇ ವರ್ಷ.

ತುಮಕೂರು_ಟು_ಟೂಟಿಂಗ್

ಇದು ಅನಗತ್ಯ ಭಯ. ಇಲ್ಲಿ ಸ್ನಾತಕೋತ್ತರ ತರಬೇತಿ ಮುಗಿಸಿ ಹೋದವರಿಗೆ ವಿದೇಶದಲ್ಲಿ ಓದಿದವರು ಅಲ್ಲಿ ಬರೆಯಬೇಕಾದ ಸ್ಕ್ರೀನಿಂಗ್ ಪರೀಕ್ಷೆಯೇ ಬೇಕಿಲ್ಲ. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಸ್ನಾತಕೋತ್ತರ ಅರ್ಹತೆಗೆ 2008ರಿಂದಲೇ ಮಾನ್ಯತೆಯಿದೆ.

ಕರಾವಳಿ_ಕೌನ್ಸೆಲರ್

ಆ ಮಾನ್ಯತೆ ಕೊಟ್ಟದ್ದು ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯ್ದೆಯ ಅಡಿಯಲ್ಲಿ. ಆ ಪರಿಷತ್ತು ಈಗ ಇಲ್ಲ. ಹತ್ತು ವರ್ಷದ ನಂತರ ಬೆಂಗಳೂರಿನ ಕೌಂಟರಿನಲ್ಲಿ ಕುಳಿತಿರುವ ಗುಮಾಸ್ತರು ನಿಮ್ಮ ಮೂಲ ಪದವಿಯ ಅವಧಿಯನ್ನು ಕೇಳಿದರೆ, ಇಲ್ಲಿ ಬರೆದ ನಾಲ್ಕು ಸಾಲನ್ನು ತೋರಿಸಲಾಗದು. ಸೀಟು ಒಪ್ಪಿಕೊಳ್ಳುವ ಮೊದಲೇ ಆಯೋಗಕ್ಕೆ ಬರೆದು, ಉತ್ತರವನ್ನು ಲಿಖಿತವಾಗಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಈ ಒಂದು ವಿಷಯದಲ್ಲಿ ಐದು ವರ್ಷದ, ಅಂದರೆ 60 ತಿಂಗಳಿನ ಕೋರ್ಸಿಗೆ ಇರುವ ಬೆಲೆಯನ್ನು ಲೆಕ್ಕದ ಮೇಷ್ಟ್ರು ತಮ್ಮ ಪಟ್ಟಿಯಲ್ಲಿ ಸೇರಿಸಿಲ್ಲ.

ಲೆಕ್ಕದ_ಮೇಷ್ಟ್ರು

ಸೇರಿಸುತ್ತೇನೆ. ಅದರ ಬೆಲೆ ಸುಮಾರು 35,000 ಪೌಂಡ್ ಎಂದಾಯಿತು. ಬರಬಹುದು, ಬಾರದಿರಬಹುದು ಎನ್ನುವ ಮರಳುವಿಕೆಗೆ ಅಷ್ಟು ದುಡ್ಡು ಮುಂಗಡವಾಗಿ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಅಲ್ಲದೆ ನೀಟ್ ಅಡಚಣೆ ಐದು ವರ್ಷದವರಿಗೂ ಹಾಗೆಯೇ ಉಳಿಯುತ್ತದೆ.

ಧಾರವಾಡ_ಪೇಡೆ

ಹಾಗಾದರೆ ನೀಟ್ ಬರೆದು ಊರಿನಲ್ಲೇ ಓದಬಾರದೇಕೆ? 2022ರಲ್ಲಿ ಗರಿಷ್ಠ ವಯೋಮಿತಿಯನ್ನೂ ತೆಗೆದುಹಾಕಿದ್ದಾರೆ. ಅತ್ತೆಮಾವ ಮೊಮ್ಮಗನನ್ನು ನೋಡಿಕೊಳ್ಳುತ್ತಾರೆ.

ವಾರ್ಡ್_ನಂಬರ್_ಏಳು

ಬಿ.ಫಾರ್ಮ ಓದಿದವರಿಗೂ ಅಲ್ಲಿ ಒಂದು ದಿನದ ರಿಯಾಯಿತಿ ಇಲ್ಲ. ಹದಿನೇಳರ ಮಕ್ಕಳ ಜೊತೆ ಅದೇ ಪರೀಕ್ಷೆ, ಅದೇ ನಾಲ್ಕೂವರೆ ವರ್ಷ, ಅದರ ಮೇಲೆ ಇಂಟರ್ನ್‌ಶಿಪ್. ಪದವಿ ಓದಿದ ವರ್ಷಗಳಿಗೆ ಏನಾದರೂ ಬೆಲೆ ಕಟ್ಟುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂಬುದೇ ನನ್ನ ದೂರು. ಅತ್ತೆಮಾವಂದಿರ ಒಪ್ಪಿಗೆಯನ್ನು ಪೇಡೆಯವರೇ ಕೊಟ್ಟುಬಿಟ್ಟದ್ದು ಚೆನ್ನಾಗಿದೆ!

ಜಯನಗರ_ನಾಲ್ಕನೇ_ಬ್ಲಾಕ್

ಎಲ್ಲ ಸರಿ, ವಯಸ್ಸಿನ ಲೆಕ್ಕ ಯಾರೂ ಹಾಕಲಿಲ್ಲ. 30ಕ್ಕೆ ಸೇರಿದರೆ 34ಕ್ಕೆ ಪದವಿ, 36ಕ್ಕೆ ಫೌಂಡೇಶನ್ ಮುಕ್ತಾಯ, ಜನರಲ್ ಪ್ರಾಕ್ಟೀಸ್ ಆದರೆ ಇನ್ನು ಮೂರು ವರ್ಷ ಸೇರಿ 39. ಶಸ್ತ್ರಚಿಕಿತ್ಸೆ ಎಂದರೆ ಎಂಟು ವರ್ಷ, ಅಲ್ಲಿಗೆ 44.

ಕೊವೆಂಟ್ರಿಯ_ಕನ್ನಡಿಗ

ಓದದಿದ್ದರೂ 44 ಆಗಿಯೇ ಆಗುತ್ತದೆ. ಆದರೆ ಈ ಲೆಕ್ಕ ಒಂದೂ ವರ್ಷ ವ್ಯರ್ಥವಾಗದಿದ್ದರೆ ಮಾತ್ರ ನಿಜ. ಸ್ಪೆಷಾಲಿಟಿ ತರಬೇತಿಯ ಹುದ್ದೆಗಳಿಗೆ ಈಗ ನೂಕುನುಗ್ಗಲು. 2025ರಲ್ಲಿ ಸುಮಾರು ಹತ್ತು ಸಾವಿರ ಹುದ್ದೆಗಳಿಗೆ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದ್ದರು. ಫೌಂಡೇಶನ್ ಹುದ್ದೆಯ ಊರು ಕೂಡ ನಿಮ್ಮ ಕೈಯಲ್ಲಿ ಪೂರ್ತಿಯಾಗಿ ಇರುವುದಿಲ್ಲ. 2024ರಿಂದ ಅಂಕಗಳ ಬದಲು ಕಂಪ್ಯೂಟರ್ ಕೊಡುವ ಕ್ರಮಸಂಖ್ಯೆಯ ಮೇಲೆ ಹಂಚಿಕೆ ನಡೆಯುತ್ತಿದ್ದು, ಮಗುವಿನ ಶಾಲೆ ಒಂದೂರಿನಲ್ಲಿ, ಹುದ್ದೆ ಇನ್ನೊಂದೂರಿನಲ್ಲಿ ಆಗುವ ಸಾಧ್ಯತೆಯಿದೆ. ಮಗುವಿನ ಪಾಲನೆಯ ಹೊಣೆಯಿರುವವರು ವಿಶೇಷ ಸಂದರ್ಭದ ಅರ್ಜಿ ಸಲ್ಲಿಸಲು ಅವಕಾಶವುಂಟು. ಅದನ್ನು ಕೊನೆಯ ವರ್ಷದಲ್ಲಿ ಮರೆಯಬೇಡಿ.

ಶರಾವತಿ_ಲೀಸ್ಟರ್

ಎಲ್ಲರಿಗೂ ಧನ್ಯವಾದ. ಆಯೋಗಕ್ಕೆ ಪತ್ರ ಬರೆಯುತ್ತೇನೆ, ಬರುವ ಬೇಸಿಗೆಯಲ್ಲಿ ಯುಕ್ಯಾಟ್ ಬರೆಯುತ್ತೇನೆ. ಮಗುವಿನ ಮಾತು ಬಂದದ್ದರಿಂದ ಇನ್ನೊಂದು ಪ್ರಶ್ನೆ: ನಾನು ಕೆಲಸ ಬಿಟ್ಟ ದಿನವೇ ನರ್ಸರಿಯ ವಾರಕ್ಕೆ 30 ಗಂಟೆಯ ಉಚಿತ ಸೌಲಭ್ಯವೂ ಹೋಗುತ್ತದೆಯೇ?

ವಾರ್ಡ್_ನಂಬರ್_ಏಳು

ಹೋಗುತ್ತದೆ. ಅದೇ ದಿನವಲ್ಲ, ಸ್ವಲ್ಪ ಕಾಲಾವಕಾಶದ ನಂತರ. ಆ ಸೌಲಭ್ಯಕ್ಕೆ ತಂದೆತಾಯಿ ಇಬ್ಬರೂ ದುಡಿಯುತ್ತಿರಬೇಕು, ಮತ್ತು ವೈದ್ಯಕೀಯ ವಿದ್ಯಾರ್ಥಿ ವಾರ್ಡಿನಲ್ಲಿ ನಲವತ್ತು ಗಂಟೆ ನಿಂತರೂ ಅದು ದುಡಿಮೆಯೆನಿಸುವುದಿಲ್ಲ. ಮೂರು, ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಇರುವ 15 ಗಂಟೆ ಮಾತ್ರ ಉಳಿಯುತ್ತದೆ. ನೀವು ಸೇರುವ ಹೊತ್ತಿಗೆ ಮಗ ಬಹುಶಃ ಶಾಲೆಯ ಮೊದಲ ಹಂತವಾದ ರಿಸೆಪ್ಷನ್ ತರಗತಿಗೆ ಹೋಗುತ್ತಿರುತ್ತಾನೆ. ಆಗ ಶಾಲೆಗೆ ಮುಂಚಿನ ಮತ್ತು ನಂತರದ ಕ್ಲಬ್ಬುಗಳ ಖರ್ಚೇ ಮುಖ್ಯ. ಮೊದಲ ವರ್ಷ ಸರ್ಕಾರದ ವಿದ್ಯಾರ್ಥಿ ಸಾಲ ಕೊಡುವ ಸ್ಟೂಡೆಂಟ್ ಫೈನಾನ್ಸ್‌ನ ಮಕ್ಕಳ ಪಾಲನಾ ಅನುದಾನಕ್ಕೂ, ಎರಡನೆಯ ವರ್ಷದಿಂದ ಎನ್‌ಎಚ್‌ಎಸ್ ಬರ್ಸರಿಯ ಪಾಲನಾ ಭತ್ಯೆಗೂ ಅರ್ಜಿ ಹಾಕಿ. ಎರಡೂ ನಿಮ್ಮ ಯಜಮಾನರ ಸಂಬಳವನ್ನು ನೋಡಿಯೇ ನಿರ್ಧಾರವಾಗುತ್ತವೆ.

ತುಮಕೂರು_ಟು_ಟೂಟಿಂಗ್

ಭತ್ಯೆ ಪಡೆಯಲು ನರ್ಸರಿಯಾಗಲಿ ಕ್ಲಬ್ ಆಗಲಿ ಶಾಲೆ, ಶಿಶುಪಾಲನೆಗಳ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್‌ನಂಥ ಕಡೆ ನೋಂದಣಿಯಾಗಿರಬೇಕು. ಪಕ್ಕದ ಮನೆಯ ಗುಜರಾತಿ ಆಂಟಿಗೆ ಕೊಟ್ಟ ದುಡ್ಡು ಲೆಕ್ಕಕ್ಕೆ ಬರುವುದಿಲ್ಲ. ಪ್ಲೇಸ್‌ಮೆಂಟ್‌ಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಹೋಗಿಬರುವ ಖರ್ಚನ್ನೂ ಬರ್ಸರಿಯಿಂದ ಕೇಳಬಹುದು, ಆದ್ದರಿಂದ ಬಸ್ಸು, ರೈಲಿನ ಟಿಕೇಟುಗಳನ್ನು ಎಸೆಯಬೇಡಿ. ಕಾರು ಓಡಿಸಲು ಬಾರದಿದ್ದರೆ ಈಗಲೇ ಕಲಿತುಬಿಡಿ. ಬೆಳಿಗ್ಗೆ ಎಂಟಕ್ಕೆ ನನೀಟನ್‌ನ ವಾರ್ಡಿನಲ್ಲಿ ಇರಬೇಕಾದವರಿಗೆ ಬಸ್ಸಿನ ವೇಳಾಪಟ್ಟಿ ಕರುಣೆ ತೋರಿಸುವುದಿಲ್ಲ.